ಉಲ್ಲೇಖ 3ರ ಪತ್ರ ಎಲ್ಲಿ?

ನಮ್ಮ ಗಜನಿಯ ಒಡ್ಡು ಒಡೆದದ್ದು 2021ರ ಜುಲೈ ನೆರೆಯಲ್ಲಿ. ಆಮೇಲೆ ಪ್ರತಿ ಬೇಸಿಗೆಯಲ್ಲೂ ‘ಈ ಸಲ ಆಗ್ತದೆ’ ಅನ್ನುವುದನ್ನು ಕೇಳುತ್ತಾ ಬಂದೆವು. ಯಾಕೆ ಆಗಲಿಲ್ಲ ಅನ್ನುವುದಕ್ಕೆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಗುತ್ತಿಗೆದಾರ ದುಡ್ಡು ತಿಂದ. ಎಲೆಕ್ಷನ್ ಬಂತು. ಕರಾವಳಿಯಲ್ಲಿ ಕಟ್ಟುವುದಕ್ಕೆ ಕೇಳುವ ಸಿಆರ್‌ಝೆಡ್ ಅನುಮತಿ ಸಿಗಲಿಲ್ಲ. ಶೆಟ್ಲಿ (ಸಿಗಡಿ) ಸಾಕುವವರೇ ಬೇಕಂತ ತಡೆದರು. ಎಲ್ಲರೂ ಕಣ್ಣಾರೆ ಕಂಡವರ ಹಾಗೇ ಹೇಳುತ್ತಿದ್ದರು. ಆದರೆ ಯಾವುದಕ್ಕೂ ಕಾಗದ ಇರಲಿಲ್ಲ. ಆ ಕಾಗದ ಹುಡುಕಿಕೊಂಡು ಹೋದ ಅನುಭವ ಇದು. ಜೊತೆಗೆ ಎಐ ಇತ್ತು. ಅದು ಎಲ್ಲಿ ಉಪಯೋಗಕ್ಕೆ ಬಂತು, ಎಲ್ಲಿ ದಾರಿ ತಪ್ಪಿಸುತ್ತಿತ್ತು ಅನ್ನುವುದನ್ನೂ ಹೇಳುತ್ತೇನೆ.

ಘಟ್ಟದ ಮೇಲಿನವರಿಗಾಗಿ ಸ್ವಲ್ಪ ವಿವರ. ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಕುಮಟಾ ತಾಲೂಕಿನಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಅದರ ದಂಡೆಯ ತಗ್ಗು ಗದ್ದೆಗಳೇ ಗಜನಿ. ಸಮುದ್ರದ ಉಬ್ಬರಕ್ಕೆ ಉಪ್ಪುನೀರು ಅಲ್ಲಿಯವರೆಗೂ ಬರುತ್ತದೆ. ಅದನ್ನು ತಡೆಯುವುದಕ್ಕೆ ಒಡ್ಡು, ಒಡ್ಡಿನ ನಡುವೆ ಗೇಟು. ಮಳೆಗಾಲದಲ್ಲಿ ಸಿಹಿನೀರು ಹೊರಗೆ ಹೋಗಬೇಕು, ಉಪ್ಪುನೀರು ಒಳಗೆ ಬರಬಾರದು. ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇಲ್ಲಿಯೇ. ಕೊಯ್ಲಾದ ಮೇಲೆ ಗೇಟು ತೆಗೆದರೆ ಮೀನು, ಶೆಟ್ಲಿ, ಏಡಿ. ಹಿಂದೆ ಊರವರೇ ಕೂಡಿ ಮಣ್ಣಿನ ಒಡ್ಡು ಕಟ್ಟಿ ನೋಡಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಖಾರ್‌ಲ್ಯಾಂಡ್ (ಉಪ್ಪುನೆಲದ) ಒಡ್ಡು ಕಟ್ಟಿಸಿತು. ಅಲ್ಲಿಂದ ಒಂದು ಕಲ್ಲು ಜಾರಿದರೂ ಅರ್ಜಿ ಬರೆಯುವ ಕಾಲ ಬಂತು. ಒಡ್ಡು ಒಡೆದರೆ ಗದ್ದೆ ಮಾತ್ರ ಹೋಗುವುದಿಲ್ಲ. ಬಾವಿ ನೀರೂ ಉಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಚಹಾ ಒಡೆದುಹೋಗಲು ಶುರುವಾದಾಗ ನನಗೂ ಸಿಟ್ಟು ಬಂತು.

ನನ್ನದು ಕುಮಟಾದಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗಳನ್ನು ಬೇರೆಯವರಿಗಾಗಿ ಟೈಪ್ ಮಾಡಿ ಕೊಟ್ಟು ರೂಢಿ. ನನ್ನ ಹೆಸರಿನಲ್ಲಿ ಹಾಕಿದ್ದು ಇದೇ ಮೊದಲು. ಇಲಾಖೆಯ ಹೆಸರು, ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಕಚೇರಿಯವರು ನಾಳೆಯೂ ನನ್ನ ಅಂಗಡಿಗೇ ಝೆರಾಕ್ಸಿಗೆ ಬರುವವರು. ಅದೂ ಅಲ್ಲದೆ, ಕಡತ ಓದಿದ ಮೇಲೆ ಒಬ್ಬರ ಕಡೆ ಬೆರಳು ತೋರಿಸುವ ಉತ್ಸಾಹ ನನಗೆ ಉಳಿಯಲಿಲ್ಲ. ಅದು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ತಡವಾದ ಕೆಲಸಕ್ಕೇನು ಬರ? ಅಂಕೋಲಾ–ಹುಬ್ಬಳ್ಳಿ ರೈಲಿನ ಮಾತು ಕೇಳುತ್ತಾ ಒಂದು ತಲೆಮಾರಿನ ತಲೆ ಹಣ್ಣಾಯಿತು. ಕುಮಟಾ–ಶಿರಸಿ ರಸ್ತೆಯಲ್ಲಿ ದೇವಿಮನೆ ಘಟ್ಟ ಹತ್ತಿದವರಿಗೆ ನಾನು ಏನೂ ಹೇಳಬೇಕಾಗಿಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೆ ಸೇತುವೆ ಬಿತ್ತು. ಆಮೇಲೆ ಅಂಗಡಿಗೆ ಬಂದವರೆಲ್ಲ ‘ಇದರ ಕಾಗದ ಯಾರ ಹತ್ತಿರ ಇರ್ತದೆ?’ ಅಂತ ಕೇಳತೊಡಗಿದರು. ಆದರೆ ಹೆದ್ದಾರಿ, ರೈಲು ಅಂದರೆ ದಿಲ್ಲಿಯವರೆಗೂ ಕಡತ. ನಮ್ಮ ಕೈಗೆ ಹಿಡಿಸುವುದಲ್ಲ. ಒಡ್ಡಿನ ಕಡತ ಹಾಗಲ್ಲ. ಮೂರು ಮೇಜು ದಾಟಿದರೆ ಮುಗಿಯುತ್ತದೆ. ಶುರು ಮಾಡುವವರು ಇಂಥ ಸಣ್ಣ ಕೆಲಸವನ್ನೇ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲ ತೊಡಕು ಹೆಸರಿನದು. ರಾಜ್ಯದ ಟೆಂಡರ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಹಿಂದೆ ಇ-ಪ್ರೊಕ್ಯೂರ್‌ಮೆಂಟ್ ಅಂತಿತ್ತು, ಈಗ ಕೆಪಿಪಿಪಿ. ಆದರೆ ನಾವು ಕರೆಯುವ ಹೆಸರು ಅಲ್ಲಿ ಇಲ್ಲ. ಕಾಮಗಾರಿಯ ಹೆಸರು ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಬರೆದಿರುತ್ತಾರೆ. ಗಜನಿ ಅನ್ನುವುದನ್ನೇ ಒಬ್ಬರು ಗಝನಿ ಅಂತ, ಇನ್ನೊಬ್ಬರು ಗಜ್ನಿ ಅಂತ, ಮತ್ತೊಬ್ಬರು ಗಜಣಿ ಅಂತ ಬರೆಯುತ್ತಾರೆ. ಊರಿನ ಹೆಸರಿಗೂ ಅದೇ ಗತಿ. ಇಲ್ಲಿ ಎಐ ಮೊದಲ ಸಲ ಕೆಲಸಕ್ಕೆ ಬಂತು. ಊರು, ಮಜರೆ, ಹೊಳೆ, ಒಡ್ಡು ಈ ನಾಲ್ಕು ಪದಗಳನ್ನು ಇಂಗ್ಲಿಷ್‌ನಲ್ಲಿ ಯಾವ್ಯಾವ ಕಾಗುಣಿತದಲ್ಲಿ ಬರೆದಿರಬಹುದು ಅಂತ ಪಟ್ಟಿ ಕೇಳಿದೆ. ಉದ್ದ ಪಟ್ಟಿ ಕೊಟ್ಟಿತು. ಒಂದೊಂದನ್ನೇ ಹಾಕಿ ಹುಡುಕಿದೆ. ಕೊನೆಗೆ ನಾವು ಕನಸಿನಲ್ಲೂ ಬರೆಯದ ಒಂದು ಕಾಗುಣಿತಕ್ಕೆ ನಮ್ಮ ಒಡ್ಡು ಸಿಕ್ಕಿತು. ಎರಡು ಟೆಂಡರ್ ಸಿಕ್ಕವು. ಒಂದು 2023ರ ಆರಂಭದ್ದು, ರದ್ದಾಗಿದೆ. ಇನ್ನೊಂದು ಅದೇ ವರ್ಷ ಮಳೆಗಾಲ ಮುಗಿದ ಮೇಲಿನದು.

ಟೆಂಡರ್ ಕಾಗದ ಸಿಕ್ಕಿದ್ದೇ ದೊಡ್ಡ ಅನುಕೂಲವಾಯಿತು. ಕಾಮಗಾರಿಯ ಸರಿಯಾದ ಹೆಸರು, ಇಂಡೆಂಟ್ ನಂಬರ್ ಕೈಗೆ ಬಂತು. ಅದಿಲ್ಲದೆ ಆರ್‌ಟಿಐ ಹಾಕಿದರೆ ‘ಸದರಿ ಮಾಹಿತಿ ನಮ್ಮ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಆ ಸಾಲನ್ನು ಎಷ್ಟು ಜನರ ಕೈಯಲ್ಲಿ ನೋಡಿದ್ದೇನೋ.

ಅರ್ಜಿ ಬರೆಯಲು ಎಐಗೆ ಹೇಳಿದೆ. ಚಂದದ ಕನ್ನಡದಲ್ಲಿ ಒಂದೂವರೆ ಪುಟ ಬರೆದು ಕೊಟ್ಟಿತು. ‘ಕಾಮಗಾರಿ ವಿಳಂಬವಾಗಲು ಕಾರಣವೇನು? ಇದಕ್ಕೆ ಹೊಣೆ ಯಾರು? ಯಾವಾಗ ಪೂರ್ಣಗೊಳಿಸುತ್ತೀರಿ?’ ಇದನ್ನು ಹಾಗೇ ಹಾಕಿದ್ದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಡತದಲ್ಲಿ ಇರುವ ಕಾಗದ. ‘ಯಾಕೆ’ ಅಂತ ಕೇಳಿದರೆ ‘ಪ್ರಶ್ನೆ ರೂಪದ ಅರ್ಜಿಗೆ ಉತ್ತರಿಸಲು ಅವಕಾಶವಿಲ್ಲ’ ಅಂತ ವಾಪಸ್ ಬರುತ್ತದೆ. ಜೊತೆಗೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎಐಗೆ ಅದು ಗೊತ್ತಿರಲಿಲ್ಲ. ಮೇಲ್ಮನವಿಗೆ ಕೇಂದ್ರ ಮಾಹಿತಿ ಆಯೋಗದ ವಿಳಾಸ ಬೇರೆ ಕೊಟ್ಟಿತ್ತು. ರಾಜ್ಯದ ಕಚೇರಿಗಳಿಗೆ ಇರುವುದು ಕರ್ನಾಟಕ ಮಾಹಿತಿ ಆಯೋಗ. ವಿಳಾಸ ತಿದ್ದಿದೆ, ‘ಯಾಕೆ’ಗಳನ್ನೆಲ್ಲ ಹೊಡೆದು ಹಾಕಿದೆ. ನಾನು ಕೇಳಿದ್ದು ಇಷ್ಟು: ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಅಂದಾಜು ಪಟ್ಟಿ, ಕಾರ್ಯಾದೇಶ, ಸ್ಥಳ ಹಸ್ತಾಂತರ ಪತ್ರ, ಅಳತೆ ಪುಸ್ತಕದ ಪುಟಗಳು, ಅವಧಿ ವಿಸ್ತರಣೆಯ ಅರ್ಜಿ ಮತ್ತು ಆದೇಶ, ಟಿಪ್ಪಣಿ ಹಾಳೆ, ಪತ್ರ ವ್ಯವಹಾರ. ಟಿಪ್ಪಣಿ ಹಾಳೆ ಕೇಳುವುದನ್ನು ಜನ ಮರೆಯುತ್ತಾರೆ. ಕಡತದ ಜೀವ ಇರುವುದೇ ಅದರಲ್ಲಿ.

ನಮೂನೆ ಎ, 10 ರೂಪಾಯಿಯ ಪೋಸ್ಟಲ್ ಆರ್ಡರ್, ಟಪಾಲು ಮೇಜಿನಲ್ಲಿ ಸೀಲು. ಆನ್‌ಲೈನ್‌ನಲ್ಲೂ ಹಾಕಬಹುದು. ಆದರೆ ನನಗೆ ಸ್ವೀಕೃತಿಯ ಸೀಲು ಕಣ್ಣಿಗೆ ಕಾಣಬೇಕು. 30 ದಿನದ ಗಡುವು ಮುಗಿಯುವ ಹೊತ್ತಿಗೆ ಪುಟಕ್ಕೆ 2 ರೂಪಾಯಿಯಂತೆ ಹಣ ಕಟ್ಟಿ ಅಂತ ಪತ್ರ ಬಂತು. ಕಟ್ಟಿದೆ. ಕಟ್ಟು ಕೈಗೆ ಬಂತು.

ಆ ಕಟ್ಟು ನೋಡಿದವರಿಗೆ ಸರ್ಕಾರಿ ಕಡತ ಅಂದರೇನು ಅಂತ ಗೊತ್ತಾಗುತ್ತದೆ. ಕೆಲವು ಪುಟ ತಲೆಕೆಳಗು. ಕೆಲವು ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸ್. ದಿನಾಂಕ ಇದ್ದ ಕಡೆಯೇ ಪಂಚಿಂಗ್ ತೂತು. ಕ್ರಮವಂತೂ ಇಲ್ಲವೇ ಇಲ್ಲ. ನಾನು ಅಂಗಡಿಯ ಸ್ಕ್ಯಾನರ್‌ನಲ್ಲಿ ಒಂದೊಂದನ್ನೇ ನೇರ ಮಾಡಿ ಸ್ಕ್ಯಾನ್ ಮಾಡಿದೆ. ಅದಕ್ಕೂ ಮೊದಲು ಮಾಡಿದ ಕೆಲಸ, ಪತ್ರಗಳಲ್ಲಿದ್ದ ಫೋನ್ ನಂಬರ್, ಹಿಂದೆ ದೂರು ಕೊಟ್ಟ ರೈತರ ಹೆಸರು, ಗುತ್ತಿಗೆದಾರರ ಬ್ಯಾಂಕ್ ವಿವರ ಇವುಗಳ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದು. ಎಐಗೆ ಹಾಕಿದ ಕಾಗದ ಎಲ್ಲಿ ಹೋಗಿ ಕೂರುತ್ತದೋ ಯಾರಿಗೆ ಗೊತ್ತು. ನಮ್ಮ ಒಡ್ಡಿನ ತಡಕ್ಕೂ ಆ ಫೋನ್ ನಂಬರಿಗೂ ಸಂಬಂಧವಿಲ್ಲ.

ಅಚ್ಚಾದ ಪತ್ರಗಳನ್ನು ಎಐ ಚೆನ್ನಾಗಿ ಓದಿತು. ಕೈಬರಹಕ್ಕೆ ಬಂದಾಗ ತಮಾಷೆ. ಟಿಪ್ಪಣಿ ಹಾಳೆಯ ಅಂಚಿನಲ್ಲಿ ಮೇಲಧಿಕಾರಿಗಳು ಹಸಿರು ಇಂಕಿನಲ್ಲಿ ‘ಚರ್ಚಿಸಿ’ ಅಂತ ಬರೆಯುವುದು ವಾಡಿಕೆ. ಎಐ ಅದನ್ನು ‘ಖರ್ಚಿಸಿ’ ಅಂತ ಓದಿತು. ಸಾಲದ್ದಕ್ಕೆ, ಹಣ ವೆಚ್ಚ ಮಾಡಲು ಅಧಿಕಾರಿ ಆದೇಶ ನೀಡಿದ್ದಾರೆ ಅಂತ ಟಿಪ್ಪಣಿಯನ್ನೂ ಬರೆಯಿತು! ಆವಕ ರಿಜಿಸ್ಟರಿನ ಪುಟದಲ್ಲಿ ಕನ್ನಡ ಅಂಕಿ ಇತ್ತು. ಅಲ್ಲಿ ೬ನ್ನು ೯ ಮಾಡಿತು, ೯ನ್ನು ೬ ಮಾಡಿತು. ಹೀಗಾಗಿ ಒಂದು ಪತ್ರಕ್ಕೆ ಅದು ಬರುವ ಮೂರು ತಿಂಗಳು ಮೊದಲೇ ಉತ್ತರ ಹೋಗಿತ್ತು. ಕೈಬರಹದ ಪುಟಗಳನ್ನೆಲ್ಲ ಕೊನೆಗೆ ನಾನೇ ಓದಿ ಟೈಪ್ ಮಾಡಿದೆ. ವರ್ಷಗಟ್ಟಲೆ ಬೇರೆಯವರ ಅರ್ಜಿ ಟೈಪ್ ಮಾಡಿದವಳಿಗೆ ಅದೇನು ದೊಡ್ಡ ಕೆಲಸವಲ್ಲ. ಆದರೆ ಎಐ ಓದಿದ್ದನ್ನು ಮೂಲದ ಜೊತೆ ಇಟ್ಟು ನೋಡದೆ ಯಾರಾದರೂ ಪತ್ರಿಕೆಗೆ ಕೊಟ್ಟುಬಿಟ್ಟರೆ ಏನು ಗತಿ ಅಂತ ಭಯವಾಯಿತು.

ಪುಟಗಳೆಲ್ಲ ಸೇರಿದ ಮೇಲೆ ಒಂದೇ ಒಂದು ಪಟ್ಟಿ ಮಾಡಿಸಿದೆ. ದಿನಾಂಕ, ಯಾರಿಂದ ಯಾರಿಗೆ, ವಿಷಯ, ಪತ್ರ ಸಂಖ್ಯೆ, ಕಟ್ಟಿನ ಎಷ್ಟನೇ ಪುಟ. ಕೊನೆಯ ಕಲಮು ಬಹಳ ಮುಖ್ಯ. ಪುಟ ಸಂಖ್ಯೆ ಹೇಳದ ಯಾವ ಸಾಲನ್ನೂ ಪಟ್ಟಿಯಲ್ಲಿ ಇಡಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದೆ. ಪಟ್ಟಿ ಬಂದಾಗ ಊರಿನ ಕಥೆಗಳು ಒಂದೊಂದಾಗಿ ಬಿದ್ದವು.

ಸಿಆರ್‌ಝೆಡ್ ವಿಷಯ ಕಡತದಲ್ಲಿ ಒಂದೇ ಪತ್ರದಲ್ಲಿ ಬರುತ್ತದೆ. ಇದು ಈಗಾಗಲೇ ಇರುವ ಒಡ್ಡಿನ ದುರಸ್ತಿ ಅಂತ ಹೇಳಿ ಅಲ್ಲಿಗೇ ಮುಗಿಸಿದ್ದಾರೆ. ಶೆಟ್ಲಿಯವರ ತಕರಾರು ಎಲ್ಲೂ ಇಲ್ಲ. ತಡ ಶುರುವಾದದ್ದು ಬೇರೆಯೇ ಕಡೆ. ಕೆಲಸ ಮಾಡಬಹುದು ಅನ್ನುವ ಆಡಳಿತಾತ್ಮಕ ಅನುಮೋದನೆ 2022ರ ಮಾರ್ಚ್. ಅಂದಾಜು, ನಕ್ಷೆ ಸರಿಯಿದೆ ಅನ್ನುವ ತಾಂತ್ರಿಕ ಮಂಜೂರಾತಿ ಅದೇ ವರ್ಷದ ಡಿಸೆಂಬರ್. ನಡುವಿನ ಒಂಬತ್ತು ತಿಂಗಳು ಅಂದಾಜು ಪಟ್ಟಿ ಮೇಲೆ ಕೆಳಗೆ ಓಡಾಡಿದೆ. ಒಮ್ಮೆ ನಕ್ಷೆ ಇಲ್ಲ ಅಂತ, ಇನ್ನೊಮ್ಮೆ ದರಪಟ್ಟಿ ಹೊಸದು ಹಾಕಿ ಅಂತ. ಆಮೇಲೆ 2023ರ ಮೊದಲ ಟೆಂಡರ್. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ಟೆಂಡರ್ ಅಲ್ಲಿಗೇ ನಿಂತು, ಆಮೇಲೆ ರದ್ದಾಯಿತು. ಇದನ್ನು ಒಪ್ಪಬಹುದು.

ಎರಡನೇ ಟೆಂಡರಿನ ಕಾರ್ಯಾದೇಶ ಕೊಟ್ಟದ್ದು 2024ರ ಮಾರ್ಚ್ ಎರಡನೇ ವಾರ. ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಅಂದರೆ ಅಂಚಿನಲ್ಲಿ ಪಾರಾಗಿದೆ. ಕಾರ್ಯಾದೇಶದಲ್ಲಿ ಒಂದು ಸಾಲು ಇತ್ತು: ‘ಅವಧಿ 6 ತಿಂಗಳು, ಮಳೆಗಾಲ ಸೇರಿ.’ ಇದನ್ನು ಓದಿ ನಾನು ಸುಮ್ಮನೆ ಕೂತೆ. ಗಜನಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬುಟ್ಟಿ ಮಣ್ಣು ಹಾಕಲು ಆಗುವುದಿಲ್ಲ. ಮಾರ್ಚ್‌ನಲ್ಲಿ ಶುರುವಾದ 6 ತಿಂಗಳಲ್ಲಿ ಕೆಲಸಕ್ಕೆ ಸಿಗುವುದು ಎರಡೂವರೆ ತಿಂಗಳು. ಅದರಲ್ಲೂ ಹೊಳೆ ಇಳಿದ ಹೊತ್ತು ಮಾತ್ರ. ಬೆಂಗಳೂರಿನ ರಸ್ತೆಗೂ ಅಘನಾಶಿನಿಯ ಒಡ್ಡಿಗೂ ಒಂದೇ ನಮೂನೆ ತುಂಬಿದರೆ ಹೀಗೇ ಆಗುವುದು. ಈ ಸಾಲಿನ ಮೇಲೆ ಎಐ ಏನೂ ಹೇಳಿರಲಿಲ್ಲ. ಅದಕ್ಕೆ 6 ತಿಂಗಳು ಅಂದರೆ 6 ತಿಂಗಳು.

ಗುತ್ತಿಗೆದಾರರ ಅವಧಿ ವಿಸ್ತರಣೆ ಅರ್ಜಿಯಲ್ಲಿ ಎಐ ಕಣ್ಣು ಚುರುಕಾಗಿತ್ತು. ಅರ್ಜಿಯ ಒಂದು ಪ್ಯಾರಾದಲ್ಲಿ ನೀತಿ ಸಂಹಿತೆಯಿಂದ ಕೆಲಸ ಮಾಡಲಾಗಲಿಲ್ಲ ಅಂತ ಇದೆ. ಅದೇ ಅರ್ಜಿಯ ಕೆಳಗಿನ ಪ್ಯಾರಾದಲ್ಲಿ ಏಪ್ರಿಲ್, ಮೇನಲ್ಲಿ ಕಲ್ಲು ಪಿಚಿಂಗ್ (ಒಡ್ಡಿನ ಮೈಗೆ ಕಲ್ಲು ಜೋಡಿಸುವುದು) ಮುಗಿಸಿದ್ದೇನೆ, ಬಿಲ್ ಕೊಡಿ ಅಂತ ಇದೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಅದು ಎತ್ತಿ ತೋರಿಸಿತು. ನಿಯಮ ಏನು ಅಂದರೆ, ಕಾರ್ಯಾದೇಶ ಕೊಟ್ಟೂ ಸ್ಥಳದಲ್ಲಿ ಶುರುವಾಗದ ಕೆಲಸವನ್ನು ನೀತಿ ಸಂಹಿತೆಯಲ್ಲಿ ಶುರು ಮಾಡುವಂತಿಲ್ಲ. ಸ್ಥಳದಲ್ಲಿ ನಿಜವಾಗಿ ಶುರುವಾಗಿದ್ದರೆ ಮುಂದುವರಿಸಬಹುದು. ನಮ್ಮ ಒಡ್ಡಿನ ಸ್ಥಳ ಹಸ್ತಾಂತರ ಘೋಷಣೆಗೆ ಮೊದಲೇ ಆಗಿದೆ, ಚಿರೇಕಲ್ಲು ಬಂದು ಬಿದ್ದಿದೆ. ನೀತಿ ಸಂಹಿತೆ ಅಡ್ಡ ಬರಲಿಲ್ಲ. ಆದರೂ ವಿಸ್ತರಣೆಯ ಆದೇಶದಲ್ಲಿ ‘ನೀತಿ ಸಂಹಿತೆ ಮತ್ತು ಮಳೆ’ ಅಂತಲೇ ಕಾರಣ ಬರೆದು ಒಪ್ಪಿದ್ದಾರೆ. ದಂಡ ಹಾಕಿಲ್ಲ.

ಇನ್ನು ಅಳತೆ ಪುಸ್ತಕ. ಎಂಬಿ ಅಂತ ಎಲ್ಲರೂ ಹೇಳುವುದು. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರದ ಕೆಲಸವಾಗಿದೆ ಅಂತ ಎಂಜಿನಿಯರು ಅಳೆದು ಅದರಲ್ಲಿ ಬರೆದ ಮೇಲೆಯೇ ಬಿಲ್. ನಮ್ಮ ಎಂಬಿಯಲ್ಲಿ ಪಿಚಿಂಗಿನ ಅಳತೆಗೆ ಹಾಕಿದ ದಿನಾಂಕ 2024ರ ಜುಲೈ 22. ಶಿರೂರಿನಲ್ಲಿ ಗುಡ್ಡ ಕುಸಿದು ವಾರವೂ ಆಗಿರಲಿಲ್ಲ. ಆ ದಿನಗಳ ಮಳೆ ಜಿಲ್ಲೆಯಲ್ಲಿ ಯಾರಿಗೂ ಮರೆಯುವುದಿಲ್ಲ. ಪಟ್ಟಿಯ ಈ ಸಾಲಿನ ಎದುರು ಎಐ ‘ಮಳೆಗಾಲದ ಅಳತೆ, ನಕಲಿ ಇರಬಹುದು, ಭ್ರಷ್ಟಾಚಾರದ ಬಲವಾದ ಶಂಕೆ’ ಅಂತ ಬರೆಯಿತು.

ನಾನು ಆ ಪುಟ ಹಿಡಿದುಕೊಂಡು ಪಕ್ಕದ ಮನೆಯ ಗೌಡರ ಹತ್ತಿರ ಹೋದೆ. ಅವರ ಜೀವಮಾನ ಕಳೆದದ್ದು ಆ ಗಜನಿಯಲ್ಲಿ. ಅವರು ಒಳಗಿನಿಂದ ಹಳೆ ಪಂಚಾಂಗ ತಂದರು. ಎರಡು ವರ್ಷದ್ದನ್ನೂ ಮೊಳೆಗೆ ಸಿಕ್ಕಿಸಿ ಇಟ್ಟಿದ್ದರು. ಬೆರಳಿಟ್ಟು ನೋಡಿ ಹೇಳಿದರು: ‘ತಂಗಿ, 21ಕ್ಕೆ ಹುಣ್ಣಿಮೆ. ಗುರುಪೂರ್ಣಿಮೆ ಹೇಳಿ ಬರೆದೀರು ನೋಡು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಳೆ ತುಂಬಿ ಒಡ್ಡಿನ ತಲೆ ಮೇಲೆ ಇರ್ತದೆ. ಮೇಲಿಂದ ಮಳೆ ನೀರು ಬೇರೆ. ಎಂತ ಅಳೂಕೆ ಸಾಧ್ಯ? ಈಜ್ಕಂಡು ಹೋಗಿ ಅಳೀಬೇಕು.’ ಉಬ್ಬರ ದಿನಕ್ಕೆರಡು ಘಳಿಗೆ ಹಿಂದೆ ಬೀಳುತ್ತದೆ ಅನ್ನುವ ಲೆಕ್ಕ ಅವರ ನಾಲಿಗೆ ತುದಿಯಲ್ಲಿತ್ತು. ಎರಡು ಘಳಿಗೆ ಅಂದರೆ 48 ನಿಮಿಷ. ಪುಸ್ತಕದಲ್ಲಿ ಸುಮಾರು 50 ನಿಮಿಷ ಅಂತ ಇರುತ್ತದೆ. ಕಚೇರಿ ವೇಳೆಯಲ್ಲಿ ಆ ದಿನ ಒಡ್ಡಿನ ಬುಡ ಕಂಡಿರಲಿಕ್ಕೆ ಸಾಧ್ಯವಿಲ್ಲ.

ಗೌಡರೂ ಎಐ ಕೂಡ ಒಂದೇ ಮಾತು ಹೇಳಿದಂತಾಯಿತು ಅಲ್ವಾ? ಊರಿನಲ್ಲಿ ಸುದ್ದಿ ಹಬ್ಬಿತು. ಪತ್ರಿಕೆಗೆ ಕೊಡು ಅಂತ ಹುಡುಗರು ಬೆನ್ನು ಬಿದ್ದರು. ನನಗೆ ಮನಸ್ಸು ಬರಲಿಲ್ಲ. ಗುತ್ತಿಗೆದಾರರ ಅರ್ಜಿಯಲ್ಲಿ ಮೇ ತಿಂಗಳಲ್ಲೇ ಪಿಚಿಂಗ್ ಮುಗಿಯಿತು ಅಂತ ಇತ್ತಲ್ಲ, ಅದು ಕಾಡುತ್ತಿತ್ತು. ಕಲ್ಲು ಇದೆಯೋ ಇಲ್ಲವೋ ಅಂತ ನೋಡುವ ಹಕ್ಕು ನಮಗಿದೆ. ಮಾಹಿತಿ ಹಕ್ಕು ಕಾಯಿದೆಯ ಸೆಕ್ಷನ್ 2(ಜೆ)ಯಲ್ಲಿ ಕಾಮಗಾರಿಯನ್ನೇ ಪರಿಶೀಲಿಸಬಹುದು ಅಂತ ಇದೆ. ಅದಕ್ಕೆ ಬೇರೆ ಅರ್ಜಿ ಹಾಕಿದೆ. ದಿನ ಮಾತ್ರ ಗೌಡರನ್ನು ಕೇಳಿ ಗುರುತು ಮಾಡಿದೆ. ಹೊಳೆ ಚೆನ್ನಾಗಿ ಇಳಿಯುವ ದಿನ, ಬೆಳಿಗ್ಗೆ.

ಜೆಇ, ಅಂದರೆ ಜೂನಿಯರ್ ಎಂಜಿನಿಯರ್ ಸಾಹೇಬರು ಬಂದರು. ಹೊಸ ಹುಡುಗ, ಬಯಲುಸೀಮೆಯವರು, ಬೂಟು ಹಾಕಿಕೊಂಡು ಬಂದಿದ್ದರು. ಅರ್ಧ ದಾರಿಗೆ ಬೂಟು ಕೈಗೆ ಬಂತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕೆಸರಲ್ಲಿ ಟೇಪು ಹಿಡಿದು ಒಡ್ಡಿನ ಉದ್ದಕ್ಕೂ ನಡೆದೆವು. ಟೇಪಿನ ಒಂದು ತುದಿ ಗೌಡರ ಕೈಯಲ್ಲಿ. ಕಲ್ಲು ಇತ್ತು. ಎಂಬಿಯಲ್ಲಿ ಬರೆದ ಉದ್ದಕ್ಕೂ ನಾವು ಅಳೆದದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ‘ಅಳತೆ ಮೇನಲ್ಲೇ ತಗೊಂಡಿದ್ದಾರೆ ಮೇಡಂ. ಆಗ ಅನುದಾನ ಇರಲಿಲ್ಲ. ಜುಲೈನಲ್ಲಿ ಹಣ ಬಿಡುಗಡೆ ಆಯ್ತು. ಆವಾಗ ಪುಸ್ತಕಕ್ಕೆ ಬರೆದು ಆವತ್ತಿನ ದಿನಾಂಕ ಹಾಕಿದ್ದಾರೆ. ನಾನು ಆಗ ಇಲ್ಲಿರಲಿಲ್ಲ’ ಅಂದರು. ಅಳತೆಯನ್ನು ಸ್ಥಳದಲ್ಲೇ, ಅಳೆದ ಕೂಡಲೇ ಪುಸ್ತಕಕ್ಕೆ ಬರೆಯಬೇಕು ಅನ್ನುವುದು ನಿಯಮ. ಹಾಗಾಗಿ ಇದು ತಪ್ಪೇ. ಆದರೆ ಇಲ್ಲದ ಕಲ್ಲಿಗೆ ಬಿಲ್ ಮಾಡುವುದು ಬೇರೆ, ಇರುವ ಕಲ್ಲಿಗೆ ತಡವಾಗಿ ದಿನಾಂಕ ಹಾಕುವುದು ಬೇರೆ. ಮೊದಲನೆಯದು ಅಂತ ಪತ್ರಿಕೆಯಲ್ಲಿ ಬಂದುಬಿಟ್ಟಿದ್ದರೆ ಮರುದಿನ ಕಚೇರಿಯ ಬಾಗಿಲು ನಮಗೆ ಮುಚ್ಚುತ್ತಿತ್ತು.

ಹಾಗಾದರೆ ಉಪ್ಪುನೀರು ಇನ್ನೂ ಯಾಕೆ ಬರುತ್ತಿದೆ? ಅದು ಒಡ್ಡಿನ ಮೇಲೆ ನಿಂತವರಿಗೆ ಕಾಣುತ್ತಿತ್ತು. ಕಲ್ಲು ಕೂತಿದೆ, ಗೇಟು ಇಲ್ಲ. ಎರಡು ಕಂಡಿಗಳು ಬಾಯಿ ತೆರೆದುಕೊಂಡಿದ್ದವು. ನಾವು ಕೊನೆಯ ತುದಿ ಮುಟ್ಟುವ ಹೊತ್ತಿಗೆ ಹೊಳೆ ಏರತೊಡಗಿ ಅದರೊಳಗಿಂದ ನೀರು ಗದ್ದೆಗೆ ನುಗ್ಗುತ್ತಿತ್ತು. ಜೊತೆಗೆ ಸಣ್ಣ ಮೀನು. ಗೇಟಿನ ವಿಷಯ ಕಡತದಲ್ಲಿ ಏನಿದೆ ಅಂತ ಪಟ್ಟಿಗೆ ವಾಪಸ್ ಬಂದೆ.

ಇಲ್ಲಿಯೇ ಎಐ ನಿಜಕ್ಕೂ ತನ್ನ ಬೆಲೆ ತೋರಿಸಿತು. ಸರ್ಕಾರಿ ಪತ್ರದ ಮೇಲ್ಭಾಗದಲ್ಲಿ ‘ವಿಷಯ’ ಆದ ಮೇಲೆ ‘ಉಲ್ಲೇಖ’ ಅಂತ ಇರುತ್ತದೆ. ಹಿಂದಿನ ಯಾವ್ಯಾವ ಪತ್ರಗಳನ್ನು ಆಧರಿಸಿ ಇದನ್ನು ಬರೆಯಲಾಗಿದೆ ಅಂತ ಸಂಖ್ಯೆ, ದಿನಾಂಕ ಸಮೇತ ಪಟ್ಟಿ. ನಾವು ಓದುವಾಗ ಅದನ್ನು ಹಾರಿಸಿ ಮುಂದೆ ಹೋಗುತ್ತೇವೆ. ನಾನು ಎಐಗೆ ಹೇಳಿದೆ: ಎಲ್ಲ ಪತ್ರಗಳ ಉಲ್ಲೇಖಗಳನ್ನು ತೆಗೆ. ಆ ಪತ್ರ ನಮ್ಮ ಕಟ್ಟಿನಲ್ಲಿ ಇದೆಯೋ ಇಲ್ಲವೋ ನೋಡು. ಇಲ್ಲದವನ್ನು ಮಾತ್ರ ಬೇರೆ ಬರೆ. ಕೈಯಲ್ಲಿ ಮಾಡಿದ್ದರೆ ಕಣ್ಣು ಹೋಗುತ್ತಿತ್ತು. ಅದು ಚಹಾ ತಣ್ಣಗಾಗುವುದರೊಳಗೆ ಮಾಡಿತು. ಉಲ್ಲೇಖದಲ್ಲಿ ಇದ್ದು ಕಟ್ಟಿನಲ್ಲಿ ಇಲ್ಲದ ಪತ್ರಗಳು ಕೆಲವೇ. ಬಹಳಷ್ಟು ಸಾಮಾನ್ಯ ಸುತ್ತೋಲೆಗಳು. ಒಂದು ಮಾತ್ರ ಬೇರೆ ಥರ. ಗೇಟಿನ ಬಗ್ಗೆ ಕಚೇರಿಯೊಳಗೆ ನಡೆದ ಒಂದು ಪತ್ರದಲ್ಲಿ ‘ಉಲ್ಲೇಖ 3: ಮೇಲಿನ ಕಚೇರಿಯ ಪತ್ರ’ ಅಂತ, 2025ರ ಜನವರಿಯ ದಿನಾಂಕ. ಆ ಪತ್ರ ನಮಗೆ ಕೊಟ್ಟಿರಲಿಲ್ಲ. ಆ ಪತ್ರಕ್ಕೆ ಉತ್ತರ ಕೊಟ್ಟ ಇನ್ನೊಂದು ಪತ್ರವೂ ಎಲ್ಲೂ ಇರಲಿಲ್ಲ.

ಅದೊಂದೇ ಪತ್ರ ಕೇಳಿ ಮತ್ತೆ ಅರ್ಜಿ ಹಾಕಿದೆ. ಸಂಖ್ಯೆ, ದಿನಾಂಕ ಎರಡೂ ಬರೆದಿದ್ದರಿಂದ ಇಲ್ಲ ಅನ್ನುವ ಹಾಗಿರಲಿಲ್ಲ. ಆದರೆ ಉತ್ತರವೂ ಬರಲಿಲ್ಲ. 30 ದಿನ ಕಳೆದ ಮೇಲೆ ಸೆಕ್ಷನ್ 19(1)ರಲ್ಲಿ ಮೊದಲ ಮೇಲ್ಮನವಿ. ವಿಚಾರಣೆಯ ದಿನ ಮೇಲ್ಮನವಿ ಅಧಿಕಾರಿಗಳ ಮೇಜಿನ ಮುಂದೆ ಕೂತಾಗ ನಾನು ಹೆಚ್ಚು ಮಾತಾಡಲಿಲ್ಲ. ಒಂದು ಪುಟದ ಪಟ್ಟಿ ಇಟ್ಟೆ. ಗಡುವು ಮೀರಿದ್ದರಿಂದ ಸೆಕ್ಷನ್ 7(6)ರ ಪ್ರಕಾರ ಶುಲ್ಕವಿಲ್ಲದೆ ಪತ್ರ ಕೊಡಿ ಅಂತ ಅಲ್ಲೇ ಹೇಳಿದರು. ಕೇಸ್ ವರ್ಕರ್ ಎದ್ದು ಹೋಗಿ ಬೀರುವಿನಿಂದ ಬೇರೆ ಒಂದು ಕಡತ ತಂದರು. ಪತ್ರ ಅದರಲ್ಲಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ. ‘ಗೇಟು’ ಅನ್ನುವ ಹೆಸರಿನಲ್ಲಿ ಇನ್ನೊಂದು ಕಡತ ತೆರೆದಿದ್ದರು, ಪತ್ರ ಅಲ್ಲಿಗೆ ಹೋಗಿತ್ತು. ಮೊದಲಿನ ಕೇಸ್ ವರ್ಕರ್‌ಗೆ ವರ್ಗವಾಗಿತ್ತು. ಹೊಸಬರಿಗೆ ಆ ಕಡತ ಇರುವುದೇ ಗೊತ್ತಿರಲಿಲ್ಲ.

ಪತ್ರದಲ್ಲಿ ಇದ್ದದ್ದು ಇಷ್ಟೇ. ಅಂದಾಜಿನಲ್ಲಿ ಕಬ್ಬಿಣದ ಗೇಟು ಇತ್ತು. ಉಪ್ಪುನೀರಿಗೆ ಕಬ್ಬಿಣ ನಿಲ್ಲುವುದಿಲ್ಲ ಅಂತ 2024ರ ನವೆಂಬರ್‌ನಲ್ಲಿ ಕೆಳಗಿನ ಕಚೇರಿಯೇ ಬದಲಾವಣೆ ಕೇಳಿತ್ತು. ಒಳ್ಳೆಯ ಯೋಚನೆಯೇ. ಮೇಲಿನ ಕಚೇರಿ ‘ಹೊಸ ಗೇಟಿನ ದರ ವಿಶ್ಲೇಷಣೆ ಮತ್ತು ಕೊಟೇಶನ್ ಲಗತ್ತಿಸಿ ಮರುಸಲ್ಲಿಸಿ’ ಅಂತ ಬರೆದಿತ್ತು. ಮರುಸಲ್ಲಿಸಲಿಲ್ಲ. ಗುತ್ತಿಗೆದಾರರು ಅನುಮತಿಗೆ ಕಾದರು, ಕಚೇರಿ ಗುತ್ತಿಗೆದಾರರಿಗೆ ಕಾಯಿತು, ನಾವು ಎಲ್ಲರನ್ನೂ ಬೈದೆವು. ಒಂದು ಇಡೀ ಬೇಸಿಗೆ ಹೀಗೆ ಹೋಯಿತು.

ಮರುಸಲ್ಲಿಕೆ ವಿಚಾರಣೆಯಾದ ತಿಂಗಳೊಳಗೆ ಹೋಯಿತು. ಗ್ರಾಮಸಭೆಯಲ್ಲೂ ಅದೇ ಒಂದು ಪುಟದ ಪಟ್ಟಿ ಓದಿ ಠರಾವು ಬರೆಸಿದೆವು. ಮುಂದೆ ಅವಧಿ ಹಾಕುವಾಗ ಮಳೆಗಾಲ ಹೊರತುಪಡಿಸಿ ಲೆಕ್ಕ ಹಾಕಿ, ಕೆಲಸ ಡಿಸೆಂಬರ್‌ನಲ್ಲಿ ಶುರುವಾಗುವ ಹಾಗೆ ಟೆಂಡರ್ ಕರೆಯಿರಿ ಅಂತ. ಠರಾವಿಗೆ ಎಷ್ಟು ಬೆಲೆ ಅಂತ ಕೇಳಬೇಡಿ. ಕಾಗದದಲ್ಲಿ ಇದೆ, ಮುಂದೆ ಯಾರಾದರೂ ಉಲ್ಲೇಖ ಹಾಕಬಹುದು.

ಎಐ ಬಗ್ಗೆ ಅಂಗಡಿಗೆ ಬರುವವರು ಈಗ ಜಾಸ್ತಿ ಕೇಳುತ್ತಾರೆ. ‘ಅದಕ್ಕೆ ಹೇಳಿದ್ರೆ ಎಲ್ಲ ಹುಡುಕಿ ಕೊಡ್ತದಂತೆ?’ ಇಲ್ಲ. ಕಡತ ಅದರ ಹತ್ತಿರ ಇಲ್ಲ, ಬೀರುವಿನಲ್ಲಿದೆ. ತಂದುಕೊಟ್ಟರೆ ಜೋಡಿಸಿ ಕೊಡುತ್ತದೆ, ಜೋಡಿಸುವುದರಲ್ಲಿ ಏನು ಕಡಿಮೆ ಇದೆ ಅಂತ ಹೇಳುತ್ತದೆ. ಯಾರು ಕಳ್ಳರು ಅಂತ ಕೇಳಿದರೆ ಮಾತ್ರ ತುಂಬಾ ಬೇಗ ಉತ್ತರ ಕೊಡುತ್ತದೆ. ಒಮ್ಮೆ ಅವಧಿ ವಿಸ್ತರಣೆಯ ಬಗ್ಗೆ ಸುತ್ತೋಲೆ ಸಂಖ್ಯೆ, ದಿನಾಂಕ ಎಲ್ಲ ಹಾಕಿ ಗಟ್ಟಿಯಾಗಿ ಹೇಳಿತು. ಹುಡುಕಿದರೆ ಅಂಥ ಸುತ್ತೋಲೆ ಎಲ್ಲೂ ಸಿಗಲಿಲ್ಲ. ಪ್ರತಿ ಕೊಡು ಅಂತ ಕೇಳಿದಾಗ ‘ಕ್ಷಮಿಸಿ’ ಅಂದಿತು. ಅದನ್ನು ನಂಬಿ ಮೇಲ್ಮನವಿಯಲ್ಲಿ ಬರೆದಿದ್ದರೆ ಅಧಿಕಾರಿಗಳು ಮೊದಲು ಕೇಳುತ್ತಿದ್ದುದು ಅದನ್ನೇ.

ಮೊದಲ ಕಂಡಿಗೆ ಈ ಬೇಸಿಗೆಯಲ್ಲಿ ಗೇಟು ಕೂತಿದೆ. ಕಬ್ಬಿಣದ್ದಲ್ಲ. ಎರಡನೆಯದರ ಚೌಕಟ್ಟು ಬಂದಿದೆ, ಹಲಗೆ ಬರಬೇಕು. ಅಲ್ಲಿಯವರೆಗೆ ಊರವರು ಹಳೆ ಪದ್ಧತಿಯಂತೆ ಮಣ್ಣು ತುಂಬಿದ ಚೀಲ ಜೋಡಿಸಿದ್ದಾರೆ. ವಿಸ್ತರಣೆಯ ಆದೇಶದಲ್ಲಿ ದಂಡ ಯಾಕೆ ಬಿಟ್ಟರು ಅನ್ನುವುದು ಬಾಕಿ ಇತ್ತು. ಅದಕ್ಕೆ ‘ದಂಡ ವಿಧಿಸುವ ಕುರಿತು ಟಿಪ್ಪಣಿ ಹಾಳೆಯ ಪ್ರತಿ’ ಅಂತ ಅರ್ಜಿ ಟೈಪ್ ಮಾಡಿ ಮೊನ್ನೆ ಸೋಮವಾರ ಟಪಾಲು ಮೇಜಿಗೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದೇನೆ.